ಕ್ಯೂಬನ್ ಸಾಸಿನ ಬಾಟಲಿಯ ಮೇಲೆ ನಗುತ್ತಿರುವ ಅಜ್ಜಿಯವರಿಗೆ

ಕಿವಿಯಲ್ಲಿ ಬಳೆಯಷ್ಟು ದೊಡ್ಡ ಓಲೆ ತೊಟ್ಟು, ಮುಡಿಗೆ ಕೆಂಪು ಹೂವು ಸಿಕ್ಕಿಸಿ, ಸೊಂಟದ ಮೇಲೊಂದು ಕೈಯಿಟ್ಟು ಬಾಟಲಿಯ ಮೇಲೆ ಹಗಲಿರುಳೂ ನಗುತ್ತಿರುವ ಮಾನ್ಯ ಅಜ್ಜಿಯವರ ಸನ್ನಿಧಾನಕ್ಕೆ ಸೆರಿಟೋಸಿನಿಂದ ಉಮಾವತಿ ಮಾಡುವ ಅನಂತ ನಮಸ್ಕಾರಗಳು. ನಾವು ಇಲ್ಲಿ ಕ್ಷೇಮ. ತಾವು ನಮ್ಮ ಫ್ರಿಜ್ಜಿನ ಬಾಗಿಲಲ್ಲೇ ನಿಂತಿರುವುದರಿಂದ ತಮ್ಮ ಕ್ಷೇಮವನ್ನು ನಾನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ, ಬೇರೆಯಾಗಿ ವಿಚಾರಿಸುವುದಿಲ್ಲ.

ಮಾನ್ಯರೇ, ಈ ಪತ್ರವನ್ನು ಲಾಸ್ ಏಂಜಲಿಸ್‌ನಲ್ಲಿರುವ ತಮ್ಮ ಕಂಪನಿಗೇ ಬರೆಯಬಹುದಿತ್ತು. ಆದರೆ ಅಲ್ಲಿಂದ ಉತ್ತರ ಕೊಡುವುದು ಕಂಪ್ಯೂಟರ್ ಎಂದು ಮಗ ಶಿಶಿರ ಹೇಳಿದ್ದರಿಂದಲೂ, ಅಡುಗೆಮನೆಯ ಜಗಳವನ್ನು ಅಡುಗೆಯವರೇ ತೀರಿಸಿಕೊಳ್ಳುವುದು ಮರ್ಯಾದೆ ಎಂದು ನನಗೆ ತೋರಿದ್ದರಿಂದಲೂ ನೇರವಾಗಿ ತಮಗೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಎಂದು ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದೇನೆ. ನನ್ನ ದೂರು ಇಷ್ಟೇ: ಗೊಜ್ಜು ಮಾಡಿದವಳು ನಾನು, ಹೆಸರು ಬಂದದ್ದು ತಮಗೆ.

ತಾವು ನಮ್ಮ ಮನೆಗೆ ದಯಮಾಡಿಸಿದ್ದು ಕೊರೋನಾದ ಮೊದಲ ವರ್ಷ. ಮಗನೂ ಸೊಸೆ ರಚನಾಳೂ ಊಟದ ಮೇಜನ್ನೇ ಆಫೀಸು ಮಾಡಿಕೊಂಡಿದ್ದರು, ಪಕ್ಕದ ಆರ್ಟೀಸಿಯಾದ ಅಂಗಡಿಗೆ ಹೋಗುವುದಕ್ಕೂ ಹೆದರಿಕೆ, ಉಪ್ಪಿನಕಾಯಿ ಭರಣಿಯ ತಳ ಕಾಣುತ್ತಿತ್ತು. ಅಂಥ ಹೊತ್ತಿನಲ್ಲಿ ರಚನಾ ಹಾಲು, ಬ್ರೆಡ್ಡಿನ ಜೊತೆ ತಮ್ಮನ್ನೂ ಕರೆತಂದಳು. ಬಾಟಲಿಯ ಬೆನ್ನ ಮೇಲೆ ಧಗಧಗ ಉರಿಯುವ ಮೆಣಸಿನಕಾಯಿಗಳ ಚಿತ್ರ ಕಂಡು ನಾನು ಗಾಬರಿಯಾಗಿ, ಪಕ್ಕದಲ್ಲೊಂದು ಲೋಟ ಮಜ್ಜಿಗೆ ಇಟ್ಟುಕೊಂಡೇ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಮಜ್ಜಿಗೆ ಹಾಗೇ ಉಳಿಯಿತು, ಅಜ್ಜೀ. ತಮ್ಮದು ಬಹಳ ಸಂಭಾವಿತ ಖಾರ. ಬಾಗಿಲು ತಟ್ಟಿ, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬರಬಹುದೇ ಎಂದು ಕೇಳುವ ಜಾತಿಯದು. ನಮ್ಮ ಉಡುಪಿ ಕಡೆಯ ಗಾಂಧಾರಿ ಮೆಣಸು ಅಷ್ಟು ಹೊತ್ತಿಗೆ ಮನೆಯವರನ್ನೇ ಹೊರಗೆ ಹಾಕಿರುತ್ತದೆ.

ಆದರೆ ಖಾರದ ಹಿಂದಿನಿಂದ ಬಂದ ರುಚಿಗೆ ನಾನು ಬೆಚ್ಚಿಬಿದ್ದೆ, ಅದನ್ನು ಒಪ್ಪಿಕೊಳ್ಳದಿದ್ದರೆ ಬಾಯಿಗೆ ಹುಳ ಬಿದ್ದೀತು. ಹುಳಿ ಕಿತ್ತಳೆಯ ರಸ, ಅದರ ತುದಿಯಲ್ಲಿ ಒಂದಿಷ್ಟು ಕಹಿ, ಹುರಿದ ಜೀರಿಗೆ, ಬೆಳ್ಳುಳ್ಳಿ, ಯಾವುದೋ ಸೊಪ್ಪಿನ ಘಮ. ಬೆಳ್ಳುಳ್ಳಿ ತೆಗೆದು ಇಂಗು ಹಾಕಿ, ಒಂದು ತುಂಡು ಬೆಲ್ಲ ಕೊಟ್ಟರೆ ಅದು ನನ್ನ ಅಮ್ಮ ಮಾಡುತ್ತಿದ್ದ ಹೇರಳೆಕಾಯಿ ಗೊಜ್ಜೇ ಸರಿ! ಕ್ಯೂಬಾ ಎಲ್ಲಿ, ಉಡುಪಿ ಎಲ್ಲಿ. ಕದ್ದವರು ಯಾರು ಎಂದು ಕೇಳುವಷ್ಟು ಸಣ್ಣವಳು ನಾನಲ್ಲ. ಯಾರೋ ಕದ್ದಿದ್ದಾರೆ ಎಂಬುದನ್ನು ಮಾತ್ರ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತಮ್ಮನ್ನು ಯಾವುದರ ಜೊತೆ ತಿನ್ನಬೇಕೆಂದು ಬಾಟಲಿಯ ಮೇಲೆ ಬರೆದಿದೆ: ಮೀನು, ಹಂದಿಮಾಂಸ, ಕಪ್ಪು ಬೀನ್ಸ್, ಕರಿದ ಬಾಳೆಕಾಯಿ. ಮೊದಲಿನ ಎರಡು ನಮ್ಮ ಮನೆಗೆ ಸಂಬಂಧಪಟ್ಟದ್ದಲ್ಲ. ಬಾಳೆಕಾಯಿ ಪೋಡಿಗೆ, ಅಂದರೆ ಬಜ್ಜಿಗೆ, ತಾವು ನಿಜವಾಗಿಯೂ ಹೇಳಿ ಮಾಡಿಸಿದ ಹಾಗಿದ್ದೀರಿ, ಆ ಹೊಗಳಿಕೆಯಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಆದರೆ ನಮ್ಮ ಮನೆಯವರು ಅಲ್ಲಿಗೆ ನಿಲ್ಲಲಿಲ್ಲ. ನೀರುದೋಸೆಗೆ ತಾವು, ಮೊಸರನ್ನಕ್ಕೆ ತಾವು, ಮೊಮ್ಮಗಳು ನಿಕಿತಾಳ ಚಪಾತಿ ಸುರುಳಿಯೊಳಗೆ ತಾವು. ಒಂದು ಬೆಳಿಗ್ಗೆ ಶಿಶಿರ ಉಪ್ಪಿಟ್ಟಿನ ಮೇಲೆ ತಮ್ಮನ್ನು ಧಾರಾಳವಾಗಿ ಸುರಿದುಕೊಂಡು, ಹಾಂ, ಈಗ ತಿನ್ನಬಹುದು ಎಂದ. ಆ ಉಪ್ಪಿಟ್ಟು ಮಾಡಿದವಳು ನಾನು.

ನನ್ನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ನಮ್ಮ ಹಿತ್ತಲಲ್ಲಿ ಒಂದು ಕಿತ್ತಳೆ ಮರವಿದೆ. ಹಿಂದಿನ ಮಾಲೀಕರು ನೆಟ್ಟ ಸಿಹಿ ಕಸಿ ಒಣಗಿ, ಬುಡದಿಂದ ಚಿಗುರಿದ ಕಾಡುಜಾತಿ ಹುಳಿಹುಳಿ ಹಣ್ಣು ಬಿಡುತ್ತದೆ. ಮನೆ ಕೊಡಿಸಿದ ಏಜೆಂಟು ಇದು ದಂಡದ ಮರ, ಕಡಿಸಿ ಎಂದಿದ್ದ. ನಾನು ಒಂದು ಹಣ್ಣು ಹಿಂಡಿ ನೆಕ್ಕಿ ನೋಡಿದೆ, ನಮ್ಮ ಹೇರಳೆಯ ಸ್ವಂತ ತಂಗಿ! ಅಂದಿನಿಂದ ಆ ರಸಕ್ಕೆ ಹಸಿಮೆಣಸು, ಇಂಗು, ಬೆಲ್ಲ, ಜೀರಿಗೆ ಹಾಕಿ ಕುದಿಸಿ, ಹುರಿದ ದೊಡ್ಡಪತ್ರೆ ಅರೆದು ಸೇರಿಸಿ ನಾನು ಮಾಡುವ ಗೊಜ್ಜು ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಪ್ರತಿವರ್ಷ ಎಲೆಯ ತುದಿಗೆ ಬೀಳುತ್ತಿತ್ತು. ಉಮಾವತಿ ಆಂಟಿಯ ಗೊಜ್ಜು ಎಂದೇ ಅದರ ಹೆಸರು. ಈ ದೇಶದಲ್ಲಿ ನನಗೆ ಕಾರು ಬಿಡಲು ಬರುವುದಿಲ್ಲ, ಫೋನಿನಲ್ಲಿ ಅಮೆರಿಕದವರು ಮಾತಾಡಿದರೆ ಅರ್ಧ ಅರ್ಥವಾಗುವುದಿಲ್ಲ, ಎಲ್ಲಿಗೆ ಹೋದರೂ ನಾನು ಶಿಶಿರನ ತಾಯಿ. ಆ ಒಂದು ದಿನ ಮಾತ್ರ ನನಗೆ ನನ್ನದೇ ಹೆಸರಿರುತ್ತಿತ್ತು.

ಅಂದಹಾಗೆ, ದೊಡ್ಡಪತ್ರೆಯ ಕುಂಡ ತರಲು ಇಲ್ಲಿನ ನರ್ಸರಿಗೆ ಹೋದಾಗ ಅದರ ಕುತ್ತಿಗೆಗೆ ಕ್ಯೂಬನ್ ಒರೆಗಾನೊ ಎಂಬ ಚೀಟಿ ಕಟ್ಟಿದ್ದರು. ಮಕ್ಕಳ ಕೆಮ್ಮಿಗೆ ಬಾಡಿಸಿ ರಸ ಹಿಂಡುವ ನಮ್ಮ ಬಡಪಾಯಿ ದೊಡ್ಡಪತ್ರೆಗೂ ತಮ್ಮ ಊರಿನ ಹೆಸರು! ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ತಮ್ಮ ಹೆಸರು ಕಟ್ಟಿದರೆ ಅದು ಮದ್ದೂ ಆಗುತ್ತದೆ, ಸಾಸೂ ಆಗುತ್ತದೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಈಗ ತಮ್ಮ ಬಾಟಲಿಯ ವಿಷಯ. ನಮ್ಮವರ ಮನೆಯಲ್ಲಿ ಒಳಗೆ ಬಂದ ಬಾಟಲಿ ಹೊರಗೆ ಹೋಗುವ ಪದ್ಧತಿಯಿಲ್ಲ. ನಮ್ಮ ಕಪಾಟಿನಲ್ಲಿ ಕಾಫಿ ಬಾಟಲಿಯಲ್ಲಿ ಮೆಂತ್ಯ, ಜಾಮ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ ಇರುತ್ತದೆ. ಹೊರಗೆ ಬರೆದದ್ದನ್ನು ನಂಬುವವರು ನಮ್ಮಲ್ಲಿ ಯಾರೂ ಇಲ್ಲ. ತಮ್ಮದೋ, ಉದ್ದ ಕುತ್ತಿಗೆ, ಗಟ್ಟಿ ಮುಚ್ಚಳ, ಹನಿ ಹನಿಯಾಗಿ ಬೀಳುವ ಬಾಯಿ, ಗೊಜ್ಜಿಗೆಂದೇ ದೇವರು ಮಾಡಿದ ಬಾಟಲಿ. ಆದ್ದರಿಂದ ಖಾಲಿಯಾದಾಗಲೆಲ್ಲ ತೊಳೆದು ನನ್ನ ಗೊಜ್ಜು ತುಂಬಿಸಿಡತೊಡಗಿದೆ. ತಮ್ಮ ಚಿತ್ರದ ಚೀಟಿಯನ್ನು ಕೀಳಲು ನಾನು ಪಟ್ಟ ಪಾಡು ಆ ದೇವರಿಗೇ ಗೊತ್ತು. ಬಿಸಿನೀರಲ್ಲಿ ನೆನೆಸಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಸೋಡಾಪುಡಿ ತಿಕ್ಕಿದೆ, ಕೊನೆಗೆ ತೆಂಗಿನ ನಾರಿನಿಂದ ಉಜ್ಜಿದೆ. ತಮ್ಮ ನಗು ಇನ್ನಷ್ಟು ಫಳಫಳ ಹೊಳೆಯಿತೇ ಹೊರತು ತಾವು ಕದಲಲಿಲ್ಲ. ಆ ಅಂಟನ್ನೇ ಬೇರೆಯಾಗಿ ಮಾರಿದರೆ ಎಷ್ಟೋ ಮುರಿದ ಮನೆಗಳು ಕೂಡಿಕೊಂಡಾವು.

ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳು ಶ್ರೀಜಾ ಸ್ಯಾನ್ ಡಿಯಾಗೋದಲ್ಲಿ ಮನೆ ಕೊಂಡಳು. ಗೃಹಪ್ರವೇಶದ ಊಟಕ್ಕೆ ನಾನು ಗೊಜ್ಜು ಮಾಡಿಕೊಂಡು ಹೋಗಿದ್ದೆ, ತಮ್ಮ ಬಾಟಲಿಗಳಲ್ಲಿ. ಅನಾಹುತವಾದದ್ದು ಅಲ್ಲಿಯೇ. ಲಾಸ್ ಏಂಜಲಿಸ್‌ನಿಂದ ಹೋಗಿದ್ದ ಕೂಟದವರೆಲ್ಲ ಬಾಯಿ ಚಪ್ಪರಿಸಿ, ಬಾಟಲಿ ಎತ್ತಿ ಹಿಡಿದು, ತಮ್ಮ ಫೋಟೋ ಹೊಡೆದುಕೊಂಡರು. ತಮ್ಮ ಚಿತ್ರ ಕಂಡ ಮೇಲೆ, ಇದು ಪ್ರತಿ ದೀಪಾವಳಿಗೂ ತಿನ್ನುವ ಗೊಜ್ಜೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಶ್ರೀಜಾ ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಅವಳಿಗೆ ಗೊತ್ತಾಗಲಿಲ್ಲ. ನಾನು ಎದುರಿಗೇ ಕೂತಿದ್ದೆ. ಇದು ನಾನು ಮಾಡಿದ್ದು ಕಣ್ರೀ ಎಂದು ನನ್ನ ಅಡುಗೆಯನ್ನು ನಾನೇ ಹೊಗಳಿಕೊಳ್ಳುವುದೇ? ಹಾಗೆ ಯಾರೂ ನನ್ನನ್ನು ಬೆಳೆಸಲಿಲ್ಲ. ಯಾರಾದರೂ ಕೇಳಿಯಾರು ಎಂದು ಸೆರಗು ಸರಿಮಾಡಿಕೊಂಡು ಕಾದೆ. ತಮ್ಮ ಮುಖ ಬಾಟಲಿಯ ಮೇಲೇ ಇರುವಾಗ ನನ್ನನ್ನು ಯಾಕೆ ಕೇಳುತ್ತಾರೆ?

ಮುಂದಿನ ವಾರ ಅವರಲ್ಲಿ ಕೆಲವರು ತಮ್ಮನ್ನು ಆರ್ಡರ್ ಮಾಡಿದರು, ತಿಂದರು, ಮೂಗು ಮುರಿದರು. ಪಾಕ ಬದಲಾಯಿಸಿದ್ದೀರಿ, ಸ್ಯಾನ್ ಡಿಯಾಗೋದಲ್ಲಿ ತಿಂದ ರುಚಿ ಎಲ್ಲಿ ಹೋಯಿತು ಎಂದು ತಮ್ಮ ವೆಬ್‌ಸೈಟಿನಲ್ಲಿ ದೂರು ಬರೆದರು. ನಿಕಿತಾ ನನಗೆ ಅದನ್ನೆಲ್ಲ ಓದಿ ಹೇಳಿದಳು. ಅದಕ್ಕೆ ತಮ್ಮ ಕಂಪನಿ ಕೊಟ್ಟ ಉತ್ತರವನ್ನೂ ಓದಿದಳು: ನಮ್ಮ ಅಜ್ಜಿಯ ಕೈರುಚಿ ತಲೆಮಾರುಗಳಿಂದ ಬದಲಾಗಿಲ್ಲ! ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬರದೇ ಎಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ.

ಆಮೇಲೆ ಬಂತು ಓಂಪ್ರಕಾಶನ ಫೋನು. ವುಡ್‌ಲ್ಯಾಂಡ್ ಹಿಲ್ಸ್‌ನ ಹುಡುಗ, ಕೂಟದ ಊಟದ ಸಮಿತಿಯ ಮುಖ್ಯಸ್ಥ, ಬಹಳ ವಿನಯವಂತ, ಆ ದೂರುಗಳು ಅವನ ಕಿವಿಗೆ ಬಿದ್ದಿರಲಿಲ್ಲ. ಆಂಟಿ, ಈ ಸಲದ ದೀಪಾವಳಿಗೆ ನಿಮಗೆ ಗೊಜ್ಜಿನ ತೊಂದರೆ ಬೇಡ, ಒಂದು ಒಳ್ಳೇ ಕ್ಯೂಬನ್ ಸಾಸ್ ಸಿಕ್ಕಿದೆ, ಎರಡು ಪೆಟ್ಟಿಗೆ ಆರ್ಡರ್ ಮಾಡಿದ್ದೇನೆ, ಶ್ರೀಜಾ ಮನೆಯಲ್ಲಿ ನೀವೂ ತಿಂದಿದ್ದೀರಲ್ಲ ಎಂದ. ತಿಂದಿದ್ದೇನಪ್ಪ, ಚೆನ್ನಾಗಿತ್ತು ಎಂದೆ. ಫೋನಿಟ್ಟು ಹಿತ್ತಲಿಗೆ ಹೋಗಿ ಕಿತ್ತಳೆ ಮರಕ್ಕೆ ನೀರು ಬಿಟ್ಟೆ. ಹೊಟ್ಟೆ ಉರಿಯಿತು, ಅಜ್ಜೀ. ತಮ್ಮ ಯಾವ ಖಾರಕ್ಕೂ ಉರಿಯದ ಹೊಟ್ಟೆ.

ಆ ದಿನಗಳಲ್ಲಿ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ಏನೇನೋ ಮನಸ್ಸಿನಲ್ಲಿ ಹೆಣೆದಿದ್ದೆ. ತಾವು ಒಂದು ಭಾನುವಾರ ಬಿಡುವು ಮಾಡಿಕೊಂಡು, ಚೀಟಿಯಿಂದ ಕೆಳಗಿಳಿದು, ನೆಂಟರಿಷ್ಟರ ಮನೆಮನೆಗೂ ಹೋಗಿ ಅದು ನಾನಲ್ಲ ಎಂದು ಹೇಳಿಬರಬೇಕು. ಸ್ಯಾನ್ ಡಿಯಾಗೋವರೆಗೆ ಟ್ರಾಫಿಕ್ ಜಾಸ್ತಿ, ಬೆಳಿಗ್ಗೆ ಬೇಗ ಹೊರಟರೆ ಒಳ್ಳೆಯದು. ಅದಾಗದಿದ್ದರೆ ಸೊಂಟದ ಮೇಲಿನ ಆ ಕೈಯನ್ನಾದರೂ ತೆಗೆದು, ಒಳಗಿರುವುದು ನನ್ನದಲ್ಲದಾಗ ತಲೆ ತಗ್ಗಿಸಿ ನಿಲ್ಲುವ ವ್ಯವಸ್ಥೆ ಮಾಡಬೇಕು ಎಂದೂ ಇತ್ತು.

ಈ ನಡುವೆ ನಮ್ಮ ಫ್ರಿಜ್ಜಿನಲ್ಲಿ ಒಂದೇ ಮುಖದ ಎರಡು ಬಾಟಲಿ. ನಾನು ಹಬ್ಬ, ಏಕಾದಶಿಗಳಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಒಂದು ಏಕಾದಶಿಯಂದು ಕೈ ತಪ್ಪಿ ತಮ್ಮದನ್ನೇ ಅವಲಕ್ಕಿಗೆ ಸುರಿದುಕೊಂಡು, ವಾಸನೆ ಬಡಿದು, ರಂಪ ಮಾಡಿದೆ. ನಿಕಿತಾ ಕಪ್ಪು ಮಾರ್ಕರ್ ತಂದು, ನನ್ನ ಗೊಜ್ಜಿನ ಬಾಟಲಿಯ ಮೇಲಿದ್ದ ತಮಗೆ ಕನ್ನಡಕ, ಹಣೆಗೆ ಬೊಟ್ಟು, ಮೂಗಿಗೆ ಮೂಗುತಿ ಬರೆದಳು. ಮತ್ತೆ ತಪ್ಪಾಗಲಿಲ್ಲ.

ದೀಪಾವಳಿ ಊಟ ಆರ್ಟೀಸಿಯಾದ ಹಾಲಿನಲ್ಲಿ. ಹಬ್ಬದೂಟಕ್ಕೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂಬುದು ಕೂಟದ ಹಳೆಯ ನಿಯಮ. ಸ್ಯಾನ್ ಡಿಯಾಗೋದಲ್ಲಿ ತಿಂದದ್ದರಲ್ಲಿ ಬೆಳ್ಳುಳ್ಳಿ ಇರಲಿಲ್ಲವಾದ್ದರಿಂದ ಓಂಪ್ರಕಾಶ ತಮ್ಮ ಚೀಟಿಯನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಮೊದಲ ಪಂಕ್ತಿಯ ಹಿರಿಯರೊಬ್ಬರು ಮೂಸಿ ನೋಡಿ, ಶಿವಶಿವಾ ಎಂದು ಎಲೆಯನ್ನೇ ದೂರ ಸರಿಸಿದರು. ಪಂಕ್ತಿ ಪೂರ್ತಿ ಗುಸುಗುಸು. ಪಾಪ, ಹುಡುಗನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ನಿಕಿತಾ ತನ್ನ ಶಾಲೆಯ ಚೀಲದಿಂದ ಮೂಗುತಿಯ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅವಳು ಅದನ್ನು ತಂದದ್ದು ನನಗೂ ಗೊತ್ತಿರಲಿಲ್ಲ. ಪಂಕ್ತಿ ಮುಗಿಯುವ ಮೊದಲೇ ಬಾಟಲಿ ಬರಿದಾಯಿತು.

ಆಗಲೂ ಮಾಡಿದವರು ಯಾರೆಂದು ಒಬ್ಬರೂ ಕೇಳಲಿಲ್ಲ, ಅಜ್ಜೀ! ಓಂಪ್ರಕಾಶ ಫೋನು ಕೈಯಲ್ಲಿ ಹಿಡಿದು, ಈ ಕನ್ನಡಕದ ಅಜ್ಜಿಯದು ಯಾವ ವೆಬ್‌ಸೈಟಿನಲ್ಲಿ ಸಿಗುತ್ತದೆ ಎಂದು ನಿಕಿತಾಳನ್ನು ವಿಚಾರಿಸಿದ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಅಜ್ಜಿಗೆ ವೆಬ್‌ಸೈಟ್ ಇಲ್ಲ, ಅಗೋ ಅಲ್ಲಿ ಕೂತಿದ್ದಾರೆ ಎಂದು ನನ್ನ ಕಡೆ ಬೆರಳು ತೋರಿಸಿದಳು. ಓಂಪ್ರಕಾಶ ಬಾಟಲಿಯನ್ನು ನೋಡಿದ, ನನ್ನ ಕನ್ನಡಕ ನೋಡಿದ, ಮತ್ತೆ ಬಾಟಲಿ, ಮತ್ತೆ ನನ್ನ ಮೂಗುತಿ. ಆಂಟಿ ಎಂದಷ್ಟೇ ಹೇಳಿ ನನ್ನ ಎಲೆಗೆ ತಾನೇ ಇನ್ನೊಂದು ಹೋಳಿಗೆ ಬಡಿಸಿ, ತುಪ್ಪ ಸುರಿದು ಹೋದ. ನನಗೆ ಕಣ್ಣು ತುಂಬಿ ಬಂತು. ಪಕ್ಕದವರು ಕೇಳಿದ್ದಕ್ಕೆ ಗೊಜ್ಜು ಖಾರ ಎಂದೆ.

ಆದಕಾರಣ ಮೇಲೆ ಹೇಳಿದ ಅರಿಕೆಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ತಾವು ಚೀಟಿಯಿಂದ ಇಳಿಯುವ ತೊಂದರೆ ತೆಗೆದುಕೊಳ್ಳಬೇಡಿ, ನಿಂತಲ್ಲೇ ನಗುತ್ತಿರಿ.

ಹುಳಿ ಒಂದೇ, ಕೈ ಬೇರೆ ಎಂದು ನಂಬಿರುವ
ತಮ್ಮ ವಿಶ್ವಾಸಿ,
ಉಮಾವತಿ

ತಾ.ಕ.: ಉಳಿದುಹೋದ ಪೆಟ್ಟಿಗೆಗಳನ್ನು ಓಂಪ್ರಕಾಶ ನಮ್ಮ ಗ್ಯಾರೇಜಿನಲ್ಲಿ ತಂದಿಳಿಸಿದ್ದಾನೆ. ಮಗ, ಸೊಸೆ ಇಬ್ಬರೂ ಬಾಳೆಕಾಯಿ ಪೋಡಿಯ ಜೊತೆ ತಮ್ಮನ್ನು ಖಾಲಿ ಮಾಡುತ್ತಿದ್ದಾರೆ, ನಾನು ಬಾಟಲಿಗಳಿಗೆ ಕಾಯುತ್ತಿದ್ದೇನೆ. ಆ ಅಂಟಿನ ಗುಣಮಟ್ಟವನ್ನು ಮಾತ್ರ ಯಾವ ಕಾರಣಕ್ಕೂ ಇಳಿಸಬೇಡಿ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತು ನಮ್ಮಲ್ಲಿದೆ. ತಮಗೆ ಹಾಗೇನೂ ಕಾಣುವುದಿಲ್ಲ, ಚೆನ್ನಾಗಿ ಒಪ್ಪುತ್ತದೆ.