ತಾರೀಖು ಸಿಗದ ಬೆಂಜೊ ಪಾರ್ಟಿ

ಕೀರ್ತಿಗೆ ಅವಸರ ಇರಬಾರದು ಎಂಬುದು ನನ್ನ ವೃತ್ತಿ ನನಗೆ ಕಲಿಸಿದ ಪಾಠ. ಬದುಕಿನ ಬಹುಭಾಗವನ್ನು ಶಾಸನಗಳ ಕಾಲನಿರ್ಣಯದಲ್ಲಿ ಕಳೆದವನು ನಾನು. ನಮ್ಮಲ್ಲಿ ಒಬ್ಬ ಸಾಮಂತ ಹೆಸರುವಾಸಿಯಾಗಬೇಕಾದರೆ ಮೊದಲು ಅವನು ಸಾಯಬೇಕು. ಆಮೇಲೆ ಅವನು ಬರೆಸಿದ ಕಲ್ಲು ಹಳ್ಳದ ದಂಡೆಗೆ ಬಿದ್ದು, ಕೆಲವು ಶತಮಾನ ಊರವರ ಬಟ್ಟೆ ಒಗೆಯುವ ಬಂಡೆಯಾಗಿ ಸೇವೆ ಸಲ್ಲಿಸಬೇಕು. ಅನಂತರ ನನ್ನಂಥವನೊಬ್ಬ ಬಂದು ಅದನ್ನು ತೊಳೆದು, ಓದಿ, ಅದರಲ್ಲಿರುವ ತಿಥಿಗೂ ವಾರಕ್ಕೂ ಹೊಂದಾಣಿಕೆಯಿಲ್ಲವೆಂದು ಲೇಖನ ಬರೆಯಬೇಕು. ಅದನ್ನು ಖಂಡಿಸಿ ಇನ್ನೊಬ್ಬರು ಬರೆದ ದಿನ ಸಾಮಂತ ಪ್ರಸಿದ್ಧನಾದನೆಂದು ಅರ್ಥ. ಇಷ್ಟು ನಿಧಾನದ ಕೀರ್ತಿಗೆ ಒಗ್ಗಿಹೋದ ನನಗೆ, ಮೊನ್ನೆ ಮೊನ್ನೆ ಹುಟ್ಟಿದ ವಾದ್ಯತಂಡವೊಂದು ದೊಡ್ಡ ಮೈದಾನವನ್ನೇ ತುಂಬಿಸಿಬಿಡುವ ಚಮತ್ಕಾರ ಅರ್ಥವಾಗುತ್ತಿರಲಿಲ್ಲ. ಈಗ ಅರ್ಥವಾಗಿದೆ. ಆದರೆ ಅರ್ಥವಾದ ಬಗೆಯನ್ನು ಯಾವ ಸಂಶೋಧನಾ ಪತ್ರಿಕೆಯೂ ಪ್ರಕಟಿಸಲಾರದು. ಆದ್ದರಿಂದ ನಿಮ್ಮೊಡನೆ ಹೇಳಿಕೊಳ್ಳುತ್ತಿದ್ದೇನೆ.

ನಿವೃತ್ತಿಯ ನಂತರ ನಾನು ಐನಾಪುರದಲ್ಲಿ ನೆಲೆಸಿದ್ದೇನೆ. ಅದು ನನ್ನ ಹೆಂಡತಿ ಶಕುಂತಲೆಯ ತವರು. ಹೆಂಡತಿಯ ತವರಿನಲ್ಲಿ ನೆಲೆಸಿದ ವಿದ್ವಾಂಸನಿಗೆ ಸಿಗುವ ಗೌರವದ ಸ್ವರೂಪವನ್ನು ವಿವರಿಸಲು ಇದು ತಕ್ಕ ಸ್ಥಳವಲ್ಲ. ನಮ್ಮ ಮಹಡಿಯ ಮೇಲೆ ಸುರೇಖಾ ಎಂಬ ಅಂಗನವಾಡಿ ಶಿಕ್ಷಕಿ ಬಾಡಿಗೆಗಿದ್ದಾಳೆ. ಭೀಮಗೀತೆಗಳನ್ನು ಹಾಡುತ್ತ ಬೆಳೆದ ಮನೆತನದವಳು. ತಂದೆಯಿಂದ ಬಂದ ಬೆಂಜೊವನ್ನು ಅದ್ಭುತವಾಗಿ ಬಾರಿಸುತ್ತಾಳೆ. ಬೆಂಜೊ ಎಂದರೆ ಹಲಗೆಯ ಮೇಲೆ ಬಿಗಿದ ತಂತಿಗಳು, ಅವುಗಳ ಮೇಲೆ ಬೆರಳಚ್ಚು ಯಂತ್ರದಂಥ ಗುಂಡಿಗಳು. ನಮ್ಮ ಈ ಗಡಿಭಾಗದಲ್ಲಿ ಅದಿಲ್ಲದೆ ವರನ ಮೈಗೆ ಅರಿಷಿಣ ಹತ್ತುವುದಿಲ್ಲ. ಅವಳ ಗೆಳತಿ ಶಬಾನಾ ಕುಡಚಿಯವಳು, ಬಟ್ಟೆ ಹೊಲಿಯುವವಳು. ಢೋಲಕಿಗೆ ಅವಳು ಕೈ ಹಾಕಿದರೆ ನಮ್ಮ ಕಿಟಕಿಯ ಗಾಜು ತಾಳ ಹಾಕುತ್ತದೆ. ನನ್ನ ಹೆಂಡತಿಗೆ ಭಜನಾ ಮಂಡಳಿಯ ಹಾರ್ಮೋನಿಯಂ ಅಭ್ಯಾಸವಿದೆ. ಇವರು ಮೂವರೂ ಶಿರಗುಪ್ಪಿಯ ಒಂದು ಮದುವೆಗೆ ಹೋಗಿದ್ದರು. ಹಳದಿ ಕಾರ್ಯಕ್ರಮಕ್ಕೆ ಗೊತ್ತುಮಾಡಿದ್ದ ಪಾರ್ಟಿಯ ಗಾಡಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದು ಬರಲೇ ಇಲ್ಲ. ಅರಿಷಿಣ ಒಣಗತೊಡಗಿತು. ಆಗ ಸುರೇಖಾ ಯಾರದೋ ಮನೆಯಿಂದ ಬೆಂಜೊ ತರಿಸಿದಳು, ಶಬಾನಾ ಢೋಲಕಿ ಹಿಡಿದಳು, ನನ್ನ ಹೆಂಡತಿ ಹಾರ್ಮೋನಿಯಮ್ಮಿನ ಮುಂದೆ ಕುಳಿತಳು. ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದರು. ಮರುದಿನ ಕುಡಚಿ ನಿಲ್ದಾಣದಲ್ಲಿ ರೈಲು ಕಾಯುವವರೆಲ್ಲರ ಅಂಗೈಯಲ್ಲಿ ನನ್ನ ಹೆಂಡತಿ ತಲೆದೂಗುತ್ತಿದ್ದಳು. ಜನರು ತಾವೇ ‘ಅಕ್ಕತಂಗೇರ ಬೆಂಜೊ ಪಾರ್ಟಿ’ ಎಂದು ನಾಮಕರಣವನ್ನೂ ಮಾಡಿದ್ದರು.

ತಂಡದ ಸ್ಥಾಪನೆಯ ದಿನವನ್ನು ಇಲ್ಲಿ ನಮೂದಿಸಬೇಕಿತ್ತು. ಆದರೆ ಆಧಾರಗಳು ಪರಸ್ಪರ ಹೊಂದುವುದಿಲ್ಲ. ಅದು ತನ್ನ ಸೋದರಮಾವನ ದ್ರಾಕ್ಷಿ ತೋಟದಲ್ಲಿ ಚಾಟಣಿ, ಎಂದರೆ ಬಳ್ಳಿ ಸವರುವ ಕೆಲಸ, ನಡೆದ ದಿನವೆಂದು ಸುರೇಖಾಳ ಹೇಳಿಕೆ. ಶಬಾನಾಳ ಪ್ರಕಾರ ಅದು ಅದರ ಹಿಂದಿನ ವಾರ. ನಮ್ಮ ಮಿಕ್ಸರ್ ಸುಟ್ಟುಹೋದ ದಿನವೆಂದು ಹೆಂಡತಿಯ ಸಾಕ್ಷ್ಯ. ಮಿಕ್ಸರ್ ಎರಡು ಸಲ ಸುಟ್ಟಿದೆ. ಪರಿಶೀಲನೆ ಮುಂದುವರಿದಿದೆ.

ದೂರವಾಣಿ ಕರೆಗಳು ಶುರುವಾದವು. ಈ ವ್ಯವಹಾರದಲ್ಲಿ ಕಾರ್ಯಕ್ರಮ ಒಪ್ಪಿಕೊಳ್ಳುವುದಕ್ಕೆ ‘ತಾರೀಖು ಕೊಡುವುದು’ ಎನ್ನುತ್ತಾರೆ. ಸುರೇಖಾಳಿಗೆ ಅಂಗನವಾಡಿ, ಶಬಾನಾಳಿಗೆ ಹೊಲಿಗೆ ಯಂತ್ರ, ಹೆಂಡತಿಗೆ ಅಡುಗೆಮನೆ. ಮೂವರೂ ಸೇರಿ ನನ್ನನ್ನು ನೋಡಿದರು.

“ಸರ್, ತಾರೀಖ ಕೊಡೂ ಕೆಲಸ ನೀವ ನೋಡಕೊಳ್ರಿ” ಎಂದಳು ಸುರೇಖಾ.

“ನನಗ್ಯಾಕವ್ವಾ?”

“ಹೆಂಗೂ ದಿನಾ ತಾರೀಖ ನೋಡಕೋಂತನ ಕುಂತಿರತೀರಲ್ರಿ” ಎಂದು ಹೆಂಡತಿ ಒಳಗೆ ಹೋಗುತ್ತ ಹೇಳಿದಳು. “ಸತ್ತವರ ತಾರೀಖ ನೋಡಿದ್ದು ಸಾಕು. ಇನ್ನ ಬದುಕಿದ್ದವರದೂ ಒಂದೀಟ ನೋಡ್ರಿ.”

ನಮ್ಮ ಬಾಗಿಲಿನ ಒಂದು ಬದಿಗೆ ಕನ್ನಡ ಕ್ಯಾಲೆಂಡರ್, ಇನ್ನೊಂದು ಬದಿಗೆ ಮರಾಠಿ ಕ್ಯಾಲೆಂಡರ್ ತೂಗುಹಾಕಿದೆ. ಗಡಿಭಾಗದ ಮನೆಗಳಲ್ಲಿ ಇದು ಸಾಮಾನ್ಯ. ಎರಡೂ ಒಪ್ಪದ ಯಾವ ದಿನವನ್ನೂ ನಾನು ದಿನವೆಂದು ಪರಿಗಣಿಸುವುದಿಲ್ಲ. ಎರಡು ಸ್ವತಂತ್ರ ಆಧಾರಗಳಿಲ್ಲದೆ ಯಾವ ತಾರೀಖನ್ನೂ ಸ್ವೀಕರಿಸಬಾರದೆಂಬುದು ನನ್ನ ಗುರುಗಳ ಉಪದೇಶ. ಅದನ್ನು ಅವರು ಶಾಸನಗಳಿಗಾಗಿ ಹೇಳಿದ್ದರು. ನಾನು ಹಳದಿ ಕಾರ್ಯಕ್ರಮಗಳಿಗೂ ಅನ್ವಯಿಸಿದೆ. ಮೊದಲ ಕರೆ ರಾಯಬಾಗದಿಂದ ಬಂತು. ಆತ ಮದುವೆಯ ದಿನ ಹೇಳಿದ. ಕನ್ಯಾಪಕ್ಷದವರೂ ಇದೇ ದಿನವನ್ನು ದೃಢೀಕರಿಸುತ್ತಾರೆಯೇ ಎಂದು ಕೇಳಿದೆ.

“ಅಜ್ಜಾರ, ನಾ ವರನ ಅಪ್ಪ ಅದೀನ್ರಿ!”

“ಅದಕ್ಕಾಗಿಯೇ ಕೇಳಿದೆ. ತಾವು ಹಿತಾಸಕ್ತಿಯುಳ್ಳ ಸಾಕ್ಷಿ. ಇನ್ನೊಂದು ಆಧಾರ ಬೇಕಾಗುತ್ತದೆ.”

“ಹಂಗಾರ ತಾರೀಖ ಇಲ್ಲೇನ್ರಿ?”

“ಇಲ್ಲವೆಂದು ನಾನು ಹೇಳಲಿಲ್ಲ. ಇದೆಯೆಂದೂ ಸದ್ಯಕ್ಕೆ ಹೇಳಲಾಗದು.”

ಆತ “ಭಾಳ ದೊಡ್ಡ ಪಾರ್ಟಿ ಐತಿ ಬಿಡ್ರಿ” ಎಂದು ಫೋನ್ ಇಟ್ಟ. ನನಗೆ ಅದರ ಅರ್ಥ ಆಗ ಹೊಳೆಯಲಿಲ್ಲ. ಹೊಳೆದದ್ದು ಕಾಗವಾಡದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ. ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತ ಇಬ್ಬರು ಮಾತಾಡುತ್ತಿದ್ದರು.

“ಅಕ್ಕತಂಗೇರ ಪಾರ್ಟಿ ತಾರೀಖ ಸಿಗೂದಿಲ್ಲಪಾ. ನಮ್ಮ ಬೀಗರು ಅವರ ಸಲುವಾಗಿ ಮದಿವಿನ ಮುಂದ ಹಾಕ್ಯಾರ.”

“ಮ್ಯಾನೇಜರ ಒಬ್ಬ ಮುದುಕ ಅದಾನಂತ. ಭಾಳ ಹುಷಾರ. ‘ನೋಡಿ ಹೇಳತೇನಿ, ನೋಡಿ ಹೇಳತೇನಿ’ ಅಂತ ಆಟ ಆಡಸತಾನ. ಅಂವಾ ಇಲ್ಲಂದಷ್ಟೂ ಮಂದಿಗಿ ಹುಚ್ಚ ಏರಾಕತ್ತೇತಿ.”

ನನ್ನ ಪ್ರಬಂಧಗಳನ್ನು ಓದಿದ ಪಂಡಿತರು ‘ಅನುಮಾನಸ್ವಭಾವದವನು’ ಎಂದಿದ್ದರು. ‘ಹುಷಾರ’ ಎಂದವರು ಇವರೇ ಮೊದಲು. ಹೊಸ ತಂಡಗಳು ಬೇಗ ಬೆಳೆಯುವ ಗುಟ್ಟು ಇಷ್ಟೇ ಇರಬಹುದೆ? ಸಿಗುವ ಸಂಗೀತವನ್ನು ಜನ ಕೇಳುತ್ತಾರೆ, ಸಿಗದ ಸಂಗೀತವನ್ನು ಹುಡುಕಿಕೊಂಡು ಬರುತ್ತಾರೆ. ಚಿಕ್ಕೋಡಿಯಲ್ಲಿ ಒಮ್ಮೆ ನನ್ನ ಉಪನ್ಯಾಸಕ್ಕೆ ಸಭಾಂಗಣ ತುಂಬಿತ್ತು. ಊರಿನಲ್ಲಿ ಕರೆಂಟು ಹೋಗಿ ಅಲ್ಲಿ ಮಾತ್ರ ಜನರೇಟರ್ ಇತ್ತೆಂಬುದು ದೀಪ ಬಂದೊಡನೆ ಸಭೆ ಎದ್ದುಹೋದಾಗ ತಿಳಿಯಿತು. ನಾನೂ ಆಗ ಒಂದೆರಡು ಸಲ ಬರಲಾರೆ ಎಂದು ನೋಡಬೇಕಿತ್ತು. ಹಾಗೆ ಹೇಳಿದ್ದರೆ ಜನ ‘ಆಗಲಿ’ ಎಂದು ಒಪ್ಪಿಕೊಂಡುಬಿಡುವ ಅಪಾಯವೂ ಇತ್ತೆನ್ನಿ.

ಹೀಗಿರುವಾಗ ಅಥಣಿಯಿಂದ ಕರೆ ಬಂತು. ಒಂದು ತರುಣ ಮಂಡಳದ ಮುಖಂಡ ಅಪ್ಪಾಸಾಬ ಎಂಬಾತ. “ಹಳದಿ ಅಲ್ರಿ ಸರ್, ದೊಡ್ಡ ಮೈದಾನದಾಗ ನಿಮ್ಮ ಪಾರ್ಟಿದ ಒಂದ ಕಾರ್ಯಕ್ರಮ. ಸ್ಟೇಜ, ಲೈಟ, ಎಲ್ಲಾ” ಎಂದ. ಸುದ್ದಿ ಕೇಳಿ ಹೆಂಡತಿಯ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆಯೇ ಕಪ್ಪಾಯಿತು. “ಏನ್ರೀ, ಇಷ್ಟ ದಿನಾ ಭಜನಿಯವರ ಜೋಡಿ ಮಂಟಪದ ಮೂಲ್ಯಾಗ, ಊಟದ ಎಲಿ ಹಾಸೂ ಗದ್ದಲದಾಗ ಬಾರಿಸೇನಿ. ಒಮ್ಮೆರ ಮಂದಿ ನಮ್ಮನ್ನ ಕೇಳಾಕಂತ ಬಂದ ಕುಂತಿದ್ದ ನೋಡಬೇಕ್ರಿ. ಇದೊಂದ ತಾರೀಖ ಕೆಡಸಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ” ಎಂದಳು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಅವಳು ನನ್ನಲ್ಲಿ ಬೇಡಿದ್ದು ಕಡಿಮೆ. ಕಾಲಿನ ಪ್ರಸ್ತಾಪವಂತೂ ಎಂದೂ ಬಂದಿರಲಿಲ್ಲ.

ಆದ್ದರಿಂದ ಹೆಚ್ಚಿನ ಎಚ್ಚರ ವಹಿಸಿದೆ. ಅದರಿಂದಲೇ ಕೆಲಸ ಕೆಟ್ಟಿತು. “ಹುಣ್ಣಿಮೆಯ ಮುಂದಿನ ರವಿವಾರ ಆಗಬಹುದು, ಆದರೆ ಇದು ತಾತ್ಕಾಲಿಕ ಅಭಿಪ್ರಾಯ” ಎಂದು ಅಪ್ಪಾಸಾಬನಿಗೆ ತಿಳಿಸಿ, ದೃಢೀಕರಣಕ್ಕಾಗಿ ಕಾದೆ. ವಾರ ಕಳೆಯುವುದರೊಳಗೆ ಕಾಗವಾಡದ ಕೂಡುರಸ್ತೆಯಲ್ಲಿ ಬ್ಯಾನರ್ ಕಂಡಿತು: ಅದೇ ರವಿವಾರ. ಸ್ಥಳೀಯ ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಬಂತು: ಅದೇ ರವಿವಾರ. ಎರಡು ಸ್ವತಂತ್ರ ಆಧಾರಗಳು! ತೃಪ್ತಿಯಿಂದ ಅಂದೇ ಅಪ್ಪಾಸಾಬನಿಗೆ “ದಿನ ಖಚಿತ” ಎಂದು ತಿಳಿಸಿದೆ. “ಖಚಿತ ಏನ್ರಿ ಸರ್? ಹಂಗಾರ ಚಿಂತಿಲ್ಲ” ಎಂದ ಆತ.

ಆಮೇಲೆ ತಿಳಿದದ್ದು ಇಷ್ಟು: ಬ್ಯಾನರಿನವನಿಗೆ ಆ ತಾರೀಖು ಹೇಳಿದವನು ಅಪ್ಪಾಸಾಬ. ಪತ್ರಿಕೆಯವರು ಬರೆದುಕೊಂಡದ್ದು ಬ್ಯಾನರ್ ನೋಡಿ. ಅಪ್ಪಾಸಾಬನಿಗೆ ಹೇಳಿದವನು ನಾನು. ಎಂದರೆ ನನ್ನ ಊಹೆ ಅಥಣಿಗೆ ಹೋಗಿ, ಬಣ್ಣ ಬಳಿದುಕೊಂಡು ಮರಳಿ ಬಂದಾಗ ನಾನೇ ಎದ್ದುನಿಂತು ಅದಕ್ಕೆ ಕೈಮುಗಿದಿದ್ದೆ. ಇಂಥದೇ ತಪ್ಪು ಮಾಡಿದ ಒಬ್ಬ ವಿದ್ವಾಂಸರನ್ನು ಹಿಂದೆ ನಾನು ತುಂಬಿದ ಗೋಷ್ಠಿಯಲ್ಲಿ ಅಳಿಸುವಷ್ಟು ಟೀಕಿಸಿದ್ದುಂಟು. ಇದಕ್ಕಿಂತ ಸೊಗಸಾದ ಸಂಗತಿ ಬೇರೆಯೇ ಇದೆ. ಮೈದಾನವನ್ನು ಅಪ್ಪಾಸಾಬ ಗೊತ್ತುಮಾಡಿದ್ದಾನೆಂದು ನಾನು ತಿಳಿದಿದ್ದೆ. ‘ಎಲ್ಲವನ್ನೂ ಎರಡೆರಡು ಸಲ ನೋಡುವ ಸರ್ ಖಚಿತ ಅಂದಮೇಲೆ ಮೈದಾನವನ್ನೂ ಕೇಳಿಯೇ ಇರುತ್ತಾರೆ’ ಎಂದು ಅಪ್ಪಾಸಾಬ ತಿಳಿದಿದ್ದ. ನನ್ನ ಪರಿಶೀಲನೆಯ ಖ್ಯಾತಿ ಎಷ್ಟು ಹಬ್ಬಿತ್ತೆಂದರೆ ಯಾರೂ ಏನನ್ನೂ ಪರಿಶೀಲಿಸಲಿಲ್ಲ.

ರವಿವಾರ ಮಧ್ಯಾಹ್ನ ವಾದ್ಯಗಳನ್ನು ಟೆಂಪೊದಲ್ಲಿ ಹೇರಿಕೊಂಡು ಅಥಣಿ ತಲುಪಿದೆವು. ಮೈದಾನ ತುಂಬಿತ್ತು. ಗೋಡೆಯ ಮೇಲೆ, ಗಿಡಗಳ ಮೇಲೆ, ನಿಂತ ಟ್ರ್ಯಾಕ್ಟರುಗಳ ಮೇಲೆ ಜನ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಏನ್ರೀ, ಇಷ್ಟೂ ಮಂದಿ ನಮ್ಮ ಸಂಬಂಧ ಬಂದಾರೇನ್ರಿ?” ಎಂದಳು. ನಾನು ಮಾತಾಡುವಷ್ಟರಲ್ಲಿ ನಡುಮೈದಾನದಿಂದ ಚೆಂಡೊಂದು ಹಾರಿಬಂದು ಟೆಂಪೊದ ತಗಡಿಗೆ ಬಡಿಯಿತು, ಇಡೀ ಮೈದಾನ “ಸಿಕ್ಸ್!” ಎಂದು ಕೂಗಿತು. ನಿಪ್ಪಾಣಿಗೂ ರಾಯಬಾಗಕ್ಕೂ ಕ್ರಿಕೆಟ್ ಪಂದ್ಯಾವಳಿಯ ಫೈನಲ್ ನಡೆಯುತ್ತಿತ್ತು.

ಹೆಂಡತಿ ಚೆಂಡನ್ನು ನೋಡಿದಳು, ನನ್ನನ್ನು ನೋಡಿದಳು. ಹಾರ್ಮೋನಿಯಮ್ಮಿಗೆ ಹೊದಿಸಿದ್ದ ಬಟ್ಟೆಯನ್ನು ಇನ್ನಷ್ಟು ಬಿಗಿದು ಕಟ್ಟಿದಳು. ಬೈದಿದ್ದರೆ ಚೆನ್ನಾಗಿತ್ತು. ವೇದಿಕೆಯ ಸಾಮಾನು ಇಳಿಸಲು ಜಾಗ ಸಿಗದೆ ರಸ್ತೆಯಲ್ಲೇ ನಿಂತಿದ್ದ ಅಪ್ಪಾಸಾಬ ಓಡಿಬಂದು, “ಸರ್, ನೀವು ಖಚಿತ ಅಂದಿದ್ರಲ್ರಿ!” ಎಂದು ಅಳುವ ದನಿ ತೆಗೆದ. ಪಂದ್ಯದವರು “ಗಾಡಿ ಹಿಂದ ತಗೀರಿ” ಎಂದು ಗದರಿದರು. ಆಧಾರಗಳ ಪರಸ್ಪರ ಅವಲಂಬನೆಯನ್ನು ನಾನು ವಿವರಿಸಲು ಯತ್ನಿಸಿದೆ. ಒಬ್ಬ ತರುಣ ಕರುಣೆಯಿಂದ ನನ್ನ ತೋಳು ಹಿಡಿದು, “ಅಜ್ಜಾರ, ನೆಳ್ಳಿಗಿ ಕುಂದರ್ರಿ” ಎಂದ.

ಸುರೇಖಾ ಮಾತ್ರ ಎದೆಗುಂದಲಿಲ್ಲ. ಅಂಗನವಾಡಿಯಲ್ಲಿ ಅಳುವ ಮಕ್ಕಳ ಗುಂಪನ್ನೇ ಸುಧಾರಿಸುವವಳಿಗೆ ಪಂದ್ಯದವರು ಯಾವ ಲೆಕ್ಕ? “ಅಣ್ಣಾರ, ಆಟ ಕೆಡಸೂದಿಲ್ರಿ. ಯಾರರ ಔಟ ಆದಾಗ ಮುಂದಿನಾಂವ ಬರೂತನಕ ಒಂದ ತುಣುಕ ಬಾರಸತೇವಿ. ಚಲೋ ಅನಸಲಿಲ್ಲಂದ್ರ ನಾವ ಹೋಗತೇವಿ” ಎಂದಳು. ಅವರು ಅರೆಮನಸ್ಸಿನಿಂದ ಒಪ್ಪಿದರು. ಟೆಂಪೊವೇ ವೇದಿಕೆಯಾಯಿತು. ಮೊದಲ ವಿಕೆಟ್ ಬಿತ್ತು. ಶಬಾನಾಳ ಢೋಲಕಿ ಗುಡುಗಿತು, ಬೆಂಜೊ ಜಿಗಿಯಿತು, ಹೆಂಡತಿಯ ಹಾರ್ಮೋನಿಯಂ ಇಬ್ಬರನ್ನೂ ಕೈಹಿಡಿದು ನಡೆಸಿತು. ಹೊಸ ಬ್ಯಾಟುಗಾರ ಕ್ರೀಸಿಗೆ ಬಂದರೂ ಜನ ಬಿಡಲೊಲ್ಲರು. ಆತ ನಾಲ್ಕಾರು ಚೆಂಡು ಕುಟ್ಟುತ್ತ ನಿಂತಾಗ ಗೋಡೆಯ ಮೇಲಿನಿಂದ ಕೂಗು ಕೇಳಿತು: “ಲೇ, ಔಟ ಆಗಲೇ ಲಗೂನ! ಬೆಂಜೊ ಕೇಳೂಣು!” ಅವನ ಊರಿನವರೇ ಕೂಗುತ್ತಿದ್ದರು. ಆತ ಮುಂದಿನ ಚೆಂಡನ್ನು ಎತ್ತಿ ಹೊಡೆದು ಕ್ಯಾಚಿತ್ತು ನಗುತ್ತ ಹೊರನಡೆದ. ಆ ಪಂದ್ಯದಲ್ಲಿ ವಿಕೆಟ್ಟುಗಳು ಬಿದ್ದ ವೇಗವನ್ನು ಕ್ರೀಡಾಶಾಸ್ತ್ರದಿಂದ ಮಾತ್ರ ವಿವರಿಸಲಾಗದು. ಟ್ರೋಫಿ ಯಾರಿಗೆ ಹೋಯಿತೆಂಬುದರ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಪಂದ್ಯ ಮುಗಿದ ಮೇಲೆ ಒಬ್ಬರೂ ಏಳಲಿಲ್ಲ ಎಂಬುದರ ಬಗ್ಗೆ ಇಲ್ಲ. ಹೊತ್ತು ಮುಳುಗುವ ತನಕ ಅವರು ಬಾರಿಸಿದರು; ಮೈದಾನ ಕುಳಿತು ಕೇಳಿತು. ಹೆಂಡತಿ ತಲೆ ಎತ್ತಿ ಆ ಜನಸ್ತೋಮವನ್ನು ಒಂದು ಸಲ ನಿಧಾನವಾಗಿ ನೋಡಿದಳು. ಅನಂತರ ನನ್ನನ್ನು ಹುಡುಕಿ, ನೆರಳಿನಲ್ಲಿ ಕುಳಿತವನಿಗೆ ಕಣ್ಣಿನಲ್ಲಿಯೇ ಕ್ಷಮೆ ಕೊಟ್ಟಳು. ಪೂರ್ತಿಯಾಗಿ ಅಲ್ಲ.

ಮರುದಿನ ತಾರೀಖಿನ ಕೆಲಸಕ್ಕೆ ನಾನಾಗಿಯೇ ರಾಜೀನಾಮೆ ಕೊಡಬೇಕೆಂದಿದ್ದೆ. ಅಷ್ಟರಲ್ಲಿ ನಿಪ್ಪಾಣಿಯಿಂದ ಫೋನ್.

“ಅಜ್ಜಾರ, ನಮ್ಮ ಮೈದಾನ ಅಥಣಿದಕ್ಕಿಂತ ದೊಡ್ಡದೈತ್ರಿ. ಜಂಗೀ ಕುಸ್ತಿ ಇಡಾಕತ್ತೇವಿ. ನಿಮ್ಮ ಪಾರ್ಟಿ ಬೇಕ ಬೇಕು.”

“ಕುಸ್ತಿ ಯಾವ ದಿನ?” ಎಂದೆ.

“ಅದನ್ನ ನಿಮಗ ಹೇಳೂದಿಲ್ರಿ. ಹೇಳಿದ್ರ ನೀವು ಸರಿ ತಾರೀಖ ಕೊಟ್ಟಬಿಡತೀರಿ. ಅಥಣ್ಯಾಗ ಹೆಂಗ ತಪ್ಪ ತಾರೀಖ ಕೊಟ್ರಿ, ಹಂಗ ನಮಗೂ ಒಂದ ತಪ್ಪ ತಾರೀಖ ಕೊಡ್ರಿ. ಅಂದ್ರನ ಮಂದಿ ಕೂಡತೈತಿ.”

ಹೆಂಡತಿ ಪಕ್ಕದಲ್ಲಿಯೇ ನಿಂತಿದ್ದಳು. “ಹೂಂ ಅನ್ರಿ. ನಿಮ್ಮಿಂದ ಮಂದಿಗಿ ಉಪಯೋಗ ಆಗೂದು ಒಂದರ ಸಿಕ್ತಲ್ಲ” ಎಂದಳು. ಒಪ್ಪಿಕೊಂಡೆ. ಅಂದಿನಿಂದ ಎರಡೂ ಕ್ಯಾಲೆಂಡರುಗಳನ್ನು ಗೋಡೆಯಿಂದ ಇಳಿಸಿ ಮುಂದೆ ಹರಡಿಕೊಂಡು ಕುಳಿತಿದ್ದೇನೆ. ಬದುಕಿಡೀ ಇತರರ ತಪ್ಪು ತಾರೀಖುಗಳನ್ನು ತಿದ್ದಿದವನು, ಹೆಂಡತಿಯ ಸಲುವಾಗಿ ಒಂದೇ ಒಂದು ತಪ್ಪು ತಾರೀಖನ್ನು ಹುಡುಕಲಾರೆನೇ ಎಂದುಕೊಂಡಿದ್ದೆ. ಏನು ಮಾಡಲಿ, ನೋಡಿದ ತಾರೀಖುಗಳೆಲ್ಲ ಎರಡರಲ್ಲೂ ಸರಿಯಾಗಿಯೇ ಬರುತ್ತಿವೆ.