ದೊಡ್ಡಪ್ಪನ ಮೂಗು ಮತ್ತು ಅರ್ಧ ಲೀಟರ್ ಹಾಲು

ನಮ್ಮ ದೊಡ್ಡಪ್ಪ ಮನೆಗೆ ಬರುವ ಹತ್ತು ನಿಮಿಷ ಮೊದಲೇ ಅವರ ಮೂಗು ಬಂದಿರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಗೇಟಿನ ಹೊರಗೆ ಸೈಕಲ್ ನಿಲ್ಲಿಸುವಾಗಲೇ, "ಸಾರಿಗೆ ಇಂಗು ಎರಡು ಸಲ ಬಿದ್ದಿದೆ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ಮತ್ತು ಅಜ್ಜಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಇಬ್ಬರೂ ಹಾಕಿರುತ್ತಿದ್ದರು.

ಇಂಥ ಮೂಗು ಹೊತ್ತವರು ಜಯನಗರದ ರಸ್ತೆಯಲ್ಲಿ ಸೈಕಲ್ ತುಳಿದರೆ ಏನಾಗಬೇಕು? ಆಗ ಆಟೋಗಳೆಲ್ಲ ಪೆಟ್ರೋಲಿಗೆ ಎಣ್ಣೆ ಬೆರೆಸಿಕೊಂಡು ನೀಲಿ ಹೊಗೆ ಬಿಡುತ್ತಿದ್ದ ಕಾಲ. ದೊಡ್ಡಪ್ಪ ಸಿಗ್ನಲ್ಲಿನಲ್ಲಿ ಆಟೋದ ಪಕ್ಕಕ್ಕೆ ಸೈಕಲ್ ತಂದು, "ಎಣ್ಣೆ ಜಾಸ್ತಿ ಹಾಕಿದೀಯಪ್ಪ" ಎನ್ನುತ್ತಿದ್ದರು.

"ನೀವೇನ್ ಸಾರ್, ಮೆಕ್ಯಾನಿಕ್ಕಾ?"

"ಅಲ್ಲ, ನಿನ್ನ ಹಿಂದೆ ಬರೋನು."

ಆಟೋ ಹತ್ತುವುದಿಲ್ಲವೆಂದು ಅವರು ಪ್ರತಿಜ್ಞೆಯನ್ನೇ ಮಾಡಿದ್ದರು. ಜ್ವರ ಬಂದಾಗಲೂ ಡಾಕ್ಟರ ಬಳಿಗೆ ಸೈಕಲ್ ತಳ್ಳಿಕೊಂಡು ನಡೆದರು. ಜೊತೆಗೆ, ಸಿಕ್ಕ ಸಿಕ್ಕ ಕಚೇರಿಗೆಲ್ಲ ಹೊಗೆಯ ವಿರುದ್ಧ ಪೋಸ್ಟ್ ಕಾರ್ಡು. ಕೊನೆಗೊಂದು ದಿನ ಆಟೋಗಳೆಲ್ಲ ಗ್ಯಾಸಿಗೆ ಬದಲಾಗಬೇಕೆಂಬ ಆದೇಶ ಬಂತು. ಅದು ತಮ್ಮ ಪೋಸ್ಟ್ ಕಾರ್ಡಿನ ಮಹಿಮೆಯೆಂದೇ ನಂಬಿದ ದೊಡ್ಡಪ್ಪ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ನಮ್ಮ ಮೂಲೆಯ ಸ್ಟ್ಯಾಂಡಿನ ಮುನಿರಾಜುವಿಗೂ ಒಂದು ತುಂಡು ಕೊಟ್ಟರು. ಅವನು ಅದನ್ನು ತಿನ್ನದೆ ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದನ್ನು ನಾನು ನೋಡಿದೆ. ಮಕ್ಕಳಿಗಿರಬೇಕು ಎಂದುಕೊಂಡೆ.

ಮುನಿರಾಜು ಬೆಳಿಗ್ಗೆ ನಮ್ಮ ಬೀದಿಯ ಆರು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬಂದು, ಆಮೇಲೆ ನನ್ನನ್ನು ಜೆ.ಪಿ. ನಗರದ ಆಫೀಸಿಗೆ ಬಿಡುತ್ತಿದ್ದ. ಆ ಸ್ಕೂಲ್ ಟ್ರಿಪ್ಪೇ ಅವನ ಮನೆಯ ಆಧಾರ. ಆದೇಶದಂತೆ ಗ್ಯಾಸಿನ ಕಿಟ್ ಹಾಕಿಸಿದ್ದ.

ಒಂದು ಸೋಮವಾರ ಶಾಲೆಗೆ ರಜೆ. ನಾನು ಹತ್ತಿ ಕೂತೆ. ದಿನದ ಮೊದಲ ಬಾಡಿಗೆ. ಹ್ಯಾಂಡಲಿನ ಮೇಲಿನ ದೇವರ ಪಟಕ್ಕೆ ಊದುಬತ್ತಿ ಹಚ್ಚದೆ ಅವನು ಗಾಡಿ ತೆಗೆಯುವವನಲ್ಲ. ಎರಡು ಊದುಕಡ್ಡಿ ಸಿಕ್ಕಿಸಿ ಬೆಂಕಿಪೊಟ್ಟಣ ತೆಗೆದ. ಬೆಂಕಿಕಡ್ಡಿ ಪೊಟ್ಟಣಕ್ಕೆ ತಾಗಿದ್ದು ನನಗೆ ಈಗಲೂ ಕಾಣುತ್ತದೆ. ಎಷ್ಟೋ ಸಲ ಕನಸಿನಲ್ಲಿ ಆ ಕಡ್ಡಿ ಹೊತ್ತಿಯೇ ಬಿಡುತ್ತದೆ. ನಾನು ಎದ್ದು ನೀರು ಕುಡಿಯುತ್ತೇನೆ.

ಅಷ್ಟರಲ್ಲಿ, "ಗೀರ್ಬೇಡ್ವೋ!"

ಹಾಲು ತರಲು ಹೋಗಿದ್ದ ದೊಡ್ಡಪ್ಪ. ಸೈಕಲ್ಲು ಒಂದು ಕಡೆ, ಅವರು ಒಂದು ಕಡೆ. ಅವರೆಸೆದ ಅರ್ಧ ಲೀಟರ್ ಪ್ಯಾಕೆಟ್ ನೇರವಾಗಿ ಮುನಿರಾಜುವಿನ ಕೈಗೆ ಬಡಿದು ಒಡೆಯಿತು. ಬೆಂಕಿಪೊಟ್ಟಣ ತೊಯ್ದಿತು, ದೇವರಿಗೆ ಕ್ಷೀರಾಭಿಷೇಕವಾಯಿತು. ನನ್ನನ್ನು ರಟ್ಟೆ ಹಿಡಿದು ಹೊರಗೆಳೆದರು. ಆಗಷ್ಟೇ ನನ್ನ ಬಡಪಾಯಿ ಮೂಗಿಗೂ ಗ್ಯಾಸು ತಿಳಿಯಿತು.

"ಮನೆ ಸಿಲಿಂಡರಿಂದ ತುಂಬ್ಸಿದ್ಯಾ?"

ಮುನಿರಾಜು ಕೈಯ ಹಾಲು ಒರೆಸಿಕೊಂಡ. "ಹೂಂ ಸಾರ್."

"ಬುದ್ಧಿ ಇದ್ಯಾ ನಿಂಗೆ? ನಾಳೆ ಇದರಲ್ಲೇ ಆರು ಮಕ್ಕಳು ಕೂರ್ತಾವೆ."

"ಅದಕ್ಕೇ ಸಾರ್ ತುಂಬ್ಸಿದ್ದು. ಗ್ಯಾಸ್ ಬಂಕು ಇರೋದು ಆ ಕಡೆ ಎಲ್ಲೋ ಒಂದು. ಮೂರು ಗಂಟೆ ಕ್ಯೂ. ಹೋದ ವಾರ ಎರಡು ದಿನ ಸ್ಕೂಲಿಗೆ ಲೇಟಾಯ್ತು. ಇನ್ನೊಂದ್ಸಲ ಆದ್ರೆ ಬೇರೆ ಆಟೋ ನೋಡ್ಕೋತೀವಿ ಅಂತ ಮಕ್ಕಳ ಮನೆಯೋರು ಅಂದವ್ರೆ." ಸ್ವಲ್ಪ ತಡೆದು ಹೇಳಿದ: "ಹೊಗೆ ಬೇಡ ಅಂದ್ರಿ, ಬಿಟ್ಟೆ. ಗ್ಯಾಸ್ ಎಲ್ಲಿ ಸಿಗುತ್ತೆ ಅಂತ ಒಂದು ಕಾರ್ಡು ಬರೀಬೇಕಿತ್ತು ನೀವು."

ದೊಡ್ಡಪ್ಪ ಹೋಗಿ, ಬಿದ್ದಿದ್ದ ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದರು. ಮಂಡಿ ತರಚಿ ರಕ್ತ ಬರುತ್ತಿದ್ದುದೂ ಅವರಿಗೆ ತಿಳಿಯಲಿಲ್ಲ.

ಆಟೋವನ್ನು ಬಯಲಿಗೆ ತಳ್ಳಿ, ಮೆಕ್ಯಾನಿಕ್ಕನ್ನು ಕರೆಸಿ ಸೋರಿಕೆ ರಿಪೇರಿ ಮಾಡಿಸಿದರು. ಮರುದಿನ ಅವರು ಹೋಗಿದ್ದು ಬಂಕಿಗೆ. ಕೈಯಲ್ಲಿ ಒಂದು ಮಡಿಸುವ ಸ್ಟೂಲು, ಮೊಸರನ್ನದ ಡಬ್ಬಿ ಮತ್ತು ಒಂದು ಚೀಲ ತಗಡಿನ ಬಿಲ್ಲೆ. ಮುಚ್ಚಿಹೋದ ಯಾವುದೋ ಸೈಕಲ್ ಸ್ಟ್ಯಾಂಡಿನ ನಂಬರಿನ ಬಿಲ್ಲೆಗಳು. ಗುಜರಿಯಿಂದ ಎಂದೋ ತಂದು ಅಟ್ಟದ ಮೇಲಿಟ್ಟು ದೊಡ್ಡಮ್ಮನಿಂದ ಬೈಸಿಕೊಂಡಿದ್ದರು. ಒಬ್ಬೊಬ್ಬ ಡ್ರೈವರಿಗೂ ಒಂದು ಬಿಲ್ಲೆ, ಅದರ ನಂಬರಿಗೆ ಗ್ಯಾಸು ತುಂಬಿಸಿಕೊಳ್ಳಲು ಒಂದು ಹೊತ್ತು. ಅಲ್ಲಿಯವರೆಗೆ ಹೋಗಿ ದುಡಿಯಲಿ, ಆಮೇಲೆ ಬರಲಿ. ಸ್ಕೂಲ್ ಮಕ್ಕಳ ಆಟೋಗಳಿಗೆ ಬೆಳಗಿನ ಮೊದಲ ಸರದಿ.

ಬಂಕಿನ ಮ್ಯಾನೇಜರ್ ಬಂದ. "ಯಾರ್ ಸಾರ್ ನೀವು? ಯಾವ ಡಿಪಾರ್ಟ್‌ಮೆಂಟು?"

"ಮೂಗು," ಎಂದರು ದೊಡ್ಡಪ್ಪ.

ಎರಡು ದಿನ ಜಗಳವಾಯಿತು. ಒಬ್ಬ ಬಿಲ್ಲೆಯನ್ನು ಮೋರಿಗೆ ಎಸೆದ; ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ಅದನ್ನು ತೆಗೆದು, ತೊಳೆದು, ಅವನಿಗೇ ಕೊಟ್ಟರು. ಮೂರನೆಯ ದಿನ ಅವನೇ ಚಹಾ ತಂದುಕೊಟ್ಟ. ತಿಂಗಳು ಕಳೆಯುವಷ್ಟರಲ್ಲಿ ಬಿಲ್ಲೆ ಹಂಚುವ ಕೆಲಸವನ್ನು ಡ್ರೈವರುಗಳೇ ಸರದಿಯ ಮೇಲೆ ವಹಿಸಿಕೊಂಡರು. ಮುನಿರಾಜುವಿನ ಸ್ಕೂಲ್ ಟ್ರಿಪ್ ಉಳಿಯಿತು. ಆರು ಮಕ್ಕಳು ಏಳಾದರು.

ಆದರೆ ನಾನು ಮಾತ್ರ ಆಟೋ ಹತ್ತಲಾರದೆ ಬಸ್ಸಿಗೆ ನೇತುಬೀಳುತ್ತಿದ್ದೆ. ಒಂದು ಬೆಳಿಗ್ಗೆ ದೊಡ್ಡಪ್ಪ ಗೇಟಿನ ಬಳಿ ಬಂದು, "ಬಾಮ್ಮ, ನಿನ್ನನ್ನ ಆಫೀಸಿಗೆ ಬಿಡ್ತೀನಿ" ಎಂದರು.

"ಸೈಕಲ್ ಮೇಲಾ, ದೊಡ್ಡಪ್ಪ?"

ಹೊರಗೆ ಮುನಿರಾಜು ನಿಂತಿದ್ದ. ದೊಡ್ಡಪ್ಪ ಆಟೋದ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಗ್ಯಾಸಿನ ಪೈಪಿನ ಪ್ರತಿಯೊಂದು ಕೀಲನ್ನೂ ಮೂಸಿದರು. ಆಮೇಲೆ ಯಾರದೋ ಮನೆಯೊಳಗೆ ಹೋಗುವವರಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಹತ್ತಿದರು. ನಾನೂ ಹತ್ತಿದೆ. ಮುನಿರಾಜು ಊದುಬತ್ತಿ ಹಚ್ಚಲಿಲ್ಲ. ಪಟಕ್ಕೆ ಒಂದು ದಾಸವಾಳ ಸಿಕ್ಕಿಸಿ ಕೈಮುಗಿದ.

ಜೆ.ಪಿ. ನಗರದವರೆಗೂ ದೊಡ್ಡಪ್ಪ ನನ್ನ ಕೈ ಹಿಡಿದಿದ್ದರು. ನನಗೆ ಧೈರ್ಯ ಹೇಳಲಿಕ್ಕೆಂದು ನಾನು ತಿಳಿದಿದ್ದೆ. ಆಫೀಸು ಬಂದಾಗ ಅವರ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿ, "ಬಂತು ದೊಡ್ಡಪ್ಪ, ಕಣ್ಣು ಬಿಡಿ" ಎನ್ನಬೇಕಾಯಿತು.