ಮೇಕೆ ಹಾರಿಸುವ ಪೆಡಲ್

ಗುಂಡಿಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ನಾನು ಲಿಫ್ಟ್ ಮೆಕ್ಯಾನಿಕ್. ಮೇಲೆ ಹೋಗುವವರು, ಕೆಳಗೆ ಬರುವವರು, ನಡುವೆ ಸಿಕ್ಕಿಹಾಕಿಕೊಂಡು ದೇವರನ್ನು ನೆನೆಯುವವರು, ಎಲ್ಲರೂ ನಾನು ಕೂರಿಸಿದ ಗುಂಡಿಯನ್ನೇ ಒತ್ತಬೇಕು. ಅಂಥವನು ಯಕಶ್ಚಿತ್ ಒಂದು ವಿಡಿಯೋ ಗೇಮಿಗೆ ಕಂಟ್ರೋಲರ್ ಮಾಡಲಾರೆನೆ? ಮಾಡಿಯೇ ತೀರುತ್ತೇನೆ ಎಂದು ಹಲ್ಲುಜ್ಜುತ್ತಾ ಶಪಥ ಮಾಡಿದೆ. ಶಪಥದ ರಭಸಕ್ಕೆ ಬಾಯಿಯ ನೊರೆಯೆಲ್ಲ ಕನ್ನಡಿಗೆ ಹಾರಿತು. ಅದನ್ನು ಒರೆಸಿದವನೂ ನಾನೇ. ಮನೆಯಲ್ಲಿ ಒರೆಸುವ, ತೊಳೆಯುವ, ಹಿಂಡುವ ಖಾತೆಗಳೆಲ್ಲ ಈಗ ನನ್ನವೇ.

ಯಾಕೆಂದರೆ ನನ್ನ ಹೆಂಡತಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾಲು ಚೇತರಿಸಿಕೊಂಡಿತು, ನಾಲಿಗೆ ಚೇತರಿಸಿಕೊಂಡಿತು, ಆ ಕೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡೇ ಇತ್ತು. ಆಕೆ ಟೈಲರ್. ನಮ್ಮ ಬೀದಿಯ ಅರ್ಧ ಮಕ್ಕಳು ಅವಳು ಹೊಲಿದ ಯೂನಿಫಾರಂ ತೊಟ್ಟು ಶಾಲೆಗೆ ಹೋದವರು. ಈಗ ಕರೆಂಟಿನ ಹೊಲಿಗೆ ಮಿಷನ್ನಿಗೆ ಹಳೇ ದುಪ್ಪಟಿ ಹೊದಿಸಿ, ಅದರೆದುರು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಅವಳ ಬೈಗುಳವಿಲ್ಲದೆ ನನಗೆ ಊಟವೇ ಸೇರುತ್ತಿರಲಿಲ್ಲ.

ಜಡೆ ಹೆಣೆಯುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. "ಲಿಫ್ಟಿನ ಉಕ್ಕಿನ ಹಗ್ಗ ಬಿಗಿದವನು ಕಣೇ ನಾನು, ನಿನ್ನ ಜಡೆ ಯಾವ ಲೆಕ್ಕ!" ಎಂದು ಎಳೆದೆ.

"ಅಮ್ಮಾ!"

"ನೋವಾಯ್ತಾ?"

"ಇಲ್ಲ. ಹೀಗೇ ಸೂರಿಗೆ ಕಟ್ಟಿಬಿಡಿ. ಮೇಲೆ ಕೆಳಗೆ ಓಡಾಡ್ಕೊಂಡಿರ್ತೀನಿ."

ಎಷ್ಟೋ ದಿನಗಳಲ್ಲಿ ಅವಳಾಡಿದ ಅತಿ ಉದ್ದದ ಮಾತು! ನಾನು ಕುಣಿಯುವುದೊಂದು ಬಾಕಿ. ಆದರೆ ಮೈಮೇಲಿನ ಬಟ್ಟೆಯ ಗುಂಡಿ ಹಾಕಲು ಮುಂದೆ ಬಂದಾಗ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಬಾಚಲು, ತೊಡಲು, ಡಬ್ಬಿಯ ಮುಚ್ಚಳ ತೆಗೆಯಲು, ಎಲ್ಲದಕ್ಕೂ ನನ್ನನ್ನೇ ಕರೆಯಬೇಕು. ಎಷ್ಟೋ ಸಲ ಕರೆಯುವ ಬದಲು ಅದೇ ಬೇಡವೆಂದು ಬಿಟ್ಟುಬಿಡುತ್ತಿದ್ದಳು.

ವ್ಯಾಯಾಮ ಹೇಳಿಕೊಡಲು ಬರುವಾಕೆ, "ಅವರಿಗೆ ಇಷ್ಟವಾದದ್ದನ್ನ ಮಾಡಿಸಿ ಸಾರ್" ಎಂದಳು. ಇಷ್ಟವಾದದ್ದು! ನನಗೆ ಥಟ್ಟನೆ ಹೊಳೆಯಿತು. ಮದುವೆಯಾದ ಹೊಸದರಲ್ಲಿ ಕೊಂಡ ವಿಡಿಯೋ ಗೇಮ್ ಪೆಟ್ಟಿಗೆ ಅಟ್ಟದ ಮೇಲಿತ್ತು. ಅದರಲ್ಲೊಂದು ಮೇಕೆ. ಬಂಡೆಯಿಂದ ಬಂಡೆಗೆ ಹಾರಬೇಕು, ಅಡ್ಡ ಬಂದವರನ್ನು ಗುಮ್ಮಬೇಕು. ನನ್ನ ಮೇಕೆ ಮೊದಲ ಹಳ್ಳದಲ್ಲೇ ಪ್ರಾಣ ಬಿಡುತ್ತಿತ್ತು. ಅವಳದು ಬೆಟ್ಟದ ತುದಿಯಲ್ಲಿ ನಿಂತು ನನ್ನನ್ನು ನೋಡಿ ಬ್ಯಾ ಅನ್ನುತ್ತಿತ್ತು. ಆದರೆ ಅದರ ಕಂಟ್ರೋಲರಿಗೆ ಎರಡು ಕೈ ಬೇಕು. ಎಡಗೈಯಲ್ಲಿ ದಿಕ್ಕು, ಬಲಗೈಯಲ್ಲಿ ಹಾರುವುದು ಮತ್ತು ಗುಮ್ಮುವುದು. ಒಂದೇ ಕೈಯಲ್ಲಿ ಆಡುವಂಥದ್ದಿದೆಯೇ ಎಂದು ಅಂಗಡಿಯವನನ್ನು ಕೇಳಿದರೆ, ಆ ಪೆಟ್ಟಿಗೆಯನ್ನೇ ತಾನು ಕಂಡಿಲ್ಲ ಎಂದ. ಇರಲಿ, ನಾನಿದ್ದೇನಲ್ಲ!

ಕಳಚಿ ಮೂಲೆಗೆ ಹಾಕಿದ್ದ ಲಿಫ್ಟಿನ ಗುಂಡಿಗಳನ್ನು ಕೆಲಸದ ಜಾಗದಿಂದ ಕೇಳಿ ತಂದೆ.

"ಮನೇಲಿ ಲಿಫ್ಟ್ ಹಾಕಿಸ್ತಿದೀಯೇನಯ್ಯಾ?" ಎಂದರು ಮೇಲ್ವಿಚಾರಕರು.

"ಇಲ್ಲ ಸಾರ್, ಮೇಕೆ ಹಾರಿಸ್ತಿದೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇಕಾದರೆ ಒಂದು ದಿನ ರಜೆ ತೆಗೆದುಕೋ ಎಂದರು.

ತರಕಾರಿ ಹೆಚ್ಚುವ ಮಣೆಗೆ ತೂತು ಕೊರೆದೆ. ಹಳೇ ಕಂಟ್ರೋಲರಿನ ಹೊಟ್ಟೆ ಬಗೆದು, ಒಳಗಿನ ಬೋರ್ಡಿನಿಂದ ವೈರುಗಳನ್ನೆಳೆದು ಗುಂಡಿಗಳಿಗೆ ಬೆಸೆದೆ. ಮೂರನೇ ಮಹಡಿ ಒತ್ತಿದರೆ ಮೇಕೆ ಎಡಕ್ಕೆ, ನಾಲ್ಕನೇ ಮಹಡಿ ಒತ್ತಿದರೆ ಬಲಕ್ಕೆ! ಗಂಟೆಯ ಚಿತ್ರವಿದ್ದ ಕೆಂಪು ಗುಂಡಿ ಗುಮ್ಮುವುದಕ್ಕೆ. ಅಷ್ಟಕ್ಕೇ ಎಡಗೈಗೆ ಕೈತುಂಬ ಕೆಲಸವಾಯಿತು. ಇನ್ನು ಹಾರುವುದಕ್ಕೆ? ಕಾಲಿದೆಯಲ್ಲ! ಕಾಲಿಗೊಂದು ಪೆಡಲ್ ಬೇಕು. ಪೆಡಲ್ ಎಲ್ಲಿದೆ? ದುಪ್ಪಟಿಯ ಕೆಳಗೆ, ಹೊಲಿಗೆ ಮಿಷನ್ನಿನ ಬುಡದಲ್ಲಿ ದಂಡಕ್ಕೆ ಬಿದ್ದಿದೆಯಲ್ಲ!

ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅದರ ವೈರು ಕತ್ತರಿಸಿದೆ. ಬಿಚ್ಚಿದರೆ ಒಳಗೆ ಕರಿ ಬಿಲ್ಲೆಗಳ ಸಾಲು. ಮೆತ್ತಗೆ ಒತ್ತಿದರೆ ಮಿಷನ್ ನಿಧಾನ, ಜೋರಾಗಿ ಒತ್ತಿದರೆ ವೇಗ, ಆ ಲೆಕ್ಕಾಚಾರವೆಲ್ಲ ಆ ಬಿಲ್ಲೆಗಳದು. ಮೇಕೆಗೆ ಅದೆಲ್ಲ ಯಾಕೆ? ಕಿತ್ತು ಕಸಕ್ಕೆ ಹಾಕಿದೆ. ಆ ಜಾಗದಲ್ಲಿ ಲಿಫ್ಟ್ ಬಾಗಿಲಿನ ಸ್ವಿಚ್ಚು ಕೂರಿಸಿ, ಪೆಡಲನ್ನು ಶೂ ಡಬ್ಬಿಯೊಳಗೆ ಅಡಗಿಸಿ, ಟೀವಿಯ ಮುಂದಿನ ಮೇಜಿನ ಕೆಳಗಿಟ್ಟೆ. ಮಧ್ಯಾಹ್ನ ಕಸದ ಗಾಡಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು. ನಾನು ಕಿಟಕಿಯಿಂದ ಗಾಡಿಯವನಿಗೆ ಟಾಟಾ ಮಾಡಿದೆ, ಅಷ್ಟು ಖುಷಿ!

ಸಂಜೆ ಉದ್ಘಾಟನೆ.

"ಕೂತ್ಕೋ. ಎಡಗೈ ಮಣೆ ಮೇಲಿಡು."

"ಇದು ನನ್ನ ತರಕಾರಿ ಮಣೆ."

"ಆಗಿತ್ತು. ಈಗ ಕಂಟ್ರೋಲರು."

"ತರಕಾರಿ ಇನ್ನೆಲ್ಲಿ ಹೆಚ್ತೀರಿ, ನಿಮ್ಮ ತಲೆ ಮೇಲಾ?"

ಬೈಗುಳ! ನನ್ನ ಕಿವಿ ತಂಪಾಯಿತು. ಅವಳು ನಾಲ್ಕನೇ ಮಹಡಿ ಒತ್ತಿದಳು. ಮೇಕೆ ಬಲಕ್ಕೆ ನಡೆಯಿತು. ಎದುರಿಗೆ ನರಿ ಬಂತು.

"ಗುಮ್ಮು, ಗುಮ್ಮು! ಕೆಂಪು ಗುಂಡಿ!"

ಒತ್ತಿದಳು. ಆ ಗುಂಡಿಯ ಬೆನ್ನಿಗೆ ಅಪಾಯದ ಗಂಟೆ ಬ್ಯಾಟರಿ ಸಮೇತ ಅಂಟಿಕೊಂಡೇ ಇತ್ತೆಂಬುದು ಗುಂಡಿಗಳ ಚಕ್ರವರ್ತಿಗೂ ಆಗಲೇ ಗೊತ್ತಾದದ್ದು. ಟ್ರಿಣ್ ಣ್ ಣ್! ನರಿ ಸತ್ತಿತು. ಇನ್ನೊಂದು ನರಿ, ಇನ್ನೊಂದು ಟ್ರಿಣ್ ಣ್ ಣ್! ಅಷ್ಟರಲ್ಲಿ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಮೇಲ್ಮನೆಯವರು ಬನಿಯನ್ನಿನಲ್ಲೇ ಓಡಿಬಂದಿದ್ದರು.

"ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ!"

"ಸ್ವಾಮಿ, ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ವಲ್ಲ!"

"ಹೌದಲ್ವಾ!" ಎಂದು ತಲೆ ಕೆರೆದುಕೊಂಡು ಮೆಟ್ಟಿಲು ಹತ್ತಿ ಹೋದರು. ತಿರುಗಿ ನೋಡಿದರೆ ನಮ್ಮವಳು ನಗುತ್ತಿದ್ದಳು! ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಕುಲುಕುವಷ್ಟು ನಗುತ್ತಿದ್ದಳು. ಗೆದ್ದೆ ಅಂದುಕೊಂಡೆ. ಗೆದ್ದವನು ಅಲ್ಲಿಗೇ ಟೀವಿ ಆರಿಸಿಬಿಡಬೇಕಿತ್ತು.

"ಈಗ ಬಲಗಾಲನ್ನ ಆ ಡಬ್ಬಿಯೊಳಗಿಡು. ಹಳ್ಳ ಬಂದಾಗ ಒತ್ತು, ಮೇಕೆ ಹಾರುತ್ತೆ!"

ಇಟ್ಟಳು. ಒತ್ತಿದಳು. ಮೇಕೆ ಹಾರಿತು. ನಾನು ಚಪ್ಪಾಳೆ ತಟ್ಟಿದೆ. ಅವಳು ಕಾಲು ತೆಗೆದು, ಮತ್ತೆ ಇಟ್ಟು, ಅಂಗಾಲಿನಿಂದ ಮೆಲ್ಲಗೆ ಸವರಿದಳು. ನಗು ನಿಂತುಹೋಗಿತ್ತು.

"ರೀ, ಇದು ನನ್ನ ಪೆಡಲ್."

ತೆರೆಯ ಮೇಲೆ ಮೇಕೆ ಹಳ್ಳಕ್ಕೆ ಬಿತ್ತು.

"ಹೂಂ ಕಣೇ, ಸುಮ್ನೆ ಬಿದ್ದಿತ್ತಲ್ಲ, ಅದಕ್ಕೇ..."

"ಒಳಗಿದ್ದದ್ದು?"

"ಕಸದ ಗಾಡಿಗೆ ಹೋಯ್ತು."

ಅವಳು ಎದ್ದು ಹೋಗಿ ಬೀರುವಿನ ಕೆಳಗಿನ ಖಾನೆಯಿಂದ ಒಂದು ಗಂಟು ತಂದು ಮೇಜಿನ ಮೇಲೆ ಸುರಿದಳು. ಬರೀ ಬಟ್ಟೆಯ ಚೂರುಗಳು. ಎಲ್ಲದರ ಮೇಲೂ ಹೊಲಿಗೆ. ಕೆಲವು ಹಾವಿನಂತೆ ಹರಿದಾಡಿದ್ದವು, ಕೆಲವು ನಡುದಾರಿಯಲ್ಲೇ ಬಟ್ಟೆ ಬಿಟ್ಟು ಹೊರಗೆ ಹೋಗಿದ್ದವು. ಒಂದರಲ್ಲಿ ಮಾತ್ರ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು.

"ನೀವು ಕೆಲಸಕ್ಕೆ ಹೋದ್ಮೇಲೆ ದಿನಾ ಹೊಲೀತಿದ್ದೆ, ಎಡಗೈಯಲ್ಲಿ. ಪೆಡಲ್ ಮೆತ್ತಗೆ ಒತ್ತಿದ್ರೆ ಸೂಜಿ ಒಂದೊಂದೇ ಹೊಲಿಗೆ ಹಾಕ್ತಿತ್ತು. ನೀವು ಬರೋ ಹೊತ್ತಿಗೆ ದುಪ್ಪಟಿ ಹೊದಿಸಿಬಿಡ್ತಿದ್ದೆ."

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಪಕ್ಕದಲ್ಲೇ ನಿಂತು ಬಟ್ಟೆ ಹಿಡ್ಕೊಡ್ತಿದ್ರಿ. ತಲೆ ನೀವು ಬಾಚ್ತೀರಿ, ಬಟ್ಟೆ ನೀವು ತೊಡಿಸ್ತೀರಿ. ಇಡೀ ದಿನದಲ್ಲಿ ಇದೊಂದನ್ನ ನಾನೊಬ್ಬಳೇ ಮಾಡ್ತಿದ್ದೆ ರೀ."

ನಾನು ಡಬ್ಬಿಯಿಂದ ಪೆಡಲನ್ನು ಎತ್ತಿ ಮೇಜಿನ ಮೇಲಿಟ್ಟೆ.

"ಇವಳಿನ್ನು ಹೊಲಿಯೋದಿಲ್ಲ ಅಂತ ಯಾವಾಗ ತೀರ್ಮಾನ ಮಾಡಿದ್ರಿ?" ಎಂದು ಕೇಳಿ ಬಿಕ್ಕಿ ಬಿಕ್ಕಿ ಅತ್ತಳು. ಲಕ್ವ ಹೊಡೆದ ದಿನ ಆಸ್ಪತ್ರೆಯಲ್ಲೂ ಹಾಗೆ ಅತ್ತವಳಲ್ಲ. ನಾನೂ ಅತ್ತೆ. ಮೂಗು ಒರೆಸಿಕೊಳ್ಳಲು ಕೈಗೆ ಸಿಕ್ಕ ಬಟ್ಟೆಯ ಚೂರೊಂದನ್ನು ಎತ್ತಿಕೊಂಡೆ.

"ಅಯ್ಯೋ, ಅದು ಬೇಡ! ಅದೇ ನೆಟ್ಟಗಿರೋದು!" ಎಂದು ಕಿತ್ತುಕೊಂಡಳು.

ಮರುದಿನ ರಜೆ ಹಾಕಿ, ಸೊಂಟ ಮುರಿದ ಪೆಡಲನ್ನು ಚೀಲದಲ್ಲಿಟ್ಟುಕೊಂಡು ಅಂಗಡಿ ಅಂಗಡಿ ಅಲೆದೆ. ಅಷ್ಟು ಹಳೆಯ ಮಿಷನ್ನಿನದು ಯಾರಲ್ಲೂ ಇಲ್ಲ. ಒಬ್ಬರು ಮಾತ್ರ ತರಿಸಿಕೊಡುತ್ತೇನೆ, ಯಾವಾಗ ಎಂದು ಕೇಳಬೇಡಿ ಎಂದರು. ಅಲ್ಲಿಯವರೆಗೆ ಇರಲಿ ಎಂದು ನನ್ನ ಸ್ವಿಚ್ಚನ್ನೇ ಮಿಷನ್ನಿಗೆ ಜೋಡಿಸಿದೆ. ಲಿಫ್ಟ್ ಬಾಗಿಲಿನ ಸ್ವಿಚ್ಚಿಗೆ ನಿಧಾನ ಎಂದರೇನೆಂದು ಗೊತ್ತಿಲ್ಲ. ಅವಳು ಕಾಲು ತಾಗಿಸಿದ್ದೇ ತಡ, ಮಿಷನ್ ಗರಗರನೆ ಬಟ್ಟೆಯನ್ನು ನುಂಗಿ, ದಾರವನ್ನು ಗೋಜಲು ಮಾಡಿ, ಸೂಜಿಯನ್ನೂ ಮುರಿದುಕೊಂಡಿತು. ಎಡಗೈ ಬೆರಳು ಸ್ವಲ್ಪದರಲ್ಲಿ ಉಳಿಯಿತು. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಉಳಿದದ್ದು ಕೈಚಕ್ರ. ಅದಿರುವುದು ಮಿಷನ್ನಿನ ಬಲಗಡೆ. ಹೊಸ ಸೂಜಿ ಹಾಕಿ, ಅವಳ ಬಲಕ್ಕೆ ಸ್ಟೂಲ್ ಹಾಕಿಕೊಂಡು ಕೂತು ನಾನೇ ತಿರುಗಿಸಿದೆ.

"ನಿಧಾನ. ಇನ್ನೂ ನಿಧಾನ. ನಿಲ್ಲಿಸಿ. ನಿಲ್ಲಿಸಿ ಅಂದ್ನಲ್ಲ!"

"ನಿಲ್ಲಿಸ್ದೆ, ನಿಲ್ಲಿಸ್ದೆ!"

ಒಂದು ಗೆರೆ ಮುಗಿಯುವ ಹೊತ್ತಿಗೆ ಇಬ್ಬರೂ ಬೆವತುಹೋದೆವು. ಹೊಲಿಗೆ ನೆಟ್ಟಗೇ ಬಂದಿತ್ತು.

"ನೋಡಿದ್ಯಾ, ಇಬ್ಬರೂ ಸೇರಿದ್ರೆ ಎಷ್ಟು ಚೆಂದ ಬರುತ್ತೆ!" ಎಂದು ಹಿಗ್ಗಿದೆ.

ಅವಳು ದಾರವನ್ನು ಹಲ್ಲಿನಿಂದ ಕಡಿದು, ಆ ಚೂರನ್ನು ಮಡಿಸಿ ಬೇರೆಯೇ ಇಟ್ಟಳು. ತನ್ನ ಗಂಟಿಗೆ ಸೇರಿಸಲಿಲ್ಲ. ಅದನ್ನು ಕಂಡು, ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದೆ:

"ನಿನಗೇನು ಬೇಕು ಹೇಳು. ಮಾಡಿಕೊಡ್ತೀನಿ."

"ಪೆಡಲ್ ಬರಲಿ."

"ಬರುತ್ತೆ. ಆಮೇಲೆ?"

"ಆಮೇಲೆ ನೀವು ಕೆಲಸಕ್ಕೆ ಹೋಗಿ."

"ಹೋಗ್ತೀನಿ. ಆಮೇಲೆ?"

"ಸಂಜೆವರೆಗೂ ಬರಬೇಡಿ."